ಸ್ವಚ್ಛಂದ ಆಟಕ್ಕೆ ನಾಲ್ಕು ಪ್ರತಿ

ಮಕ್ಕಳನ್ನು ದಿನಕ್ಕೆ ಅರ್ಧ ಗಂಟೆ ಬಯಲಿನಲ್ಲಿ ಅವರ ಪಾಡಿಗೆ ಆಡಲು ಬಿಡಬೇಕೆಂದು ಮೇಲಿನ ಕಚೇರಿಯಿಂದ ಹನ್ನೊಂದು ಪುಟಗಳ ಸುತ್ತೋಲೆ ಬಂತು. ಹೆಡ್‌ಮಿಸ್ ಅದನ್ನು ಎರಡು ಸಲ ಓದಿ, ಬೆಳಬೆಳಗ್ಗೆಯೇ ಡ್ರಿಲ್ ಮೇಷ್ಟ್ರನ್ನು ಕರೆಸಿದರು.

"ಮೇಷ್ಟ್ರೇ, ಮಧ್ಯಾಹ್ನ ಇನ್‌ಸ್ಪೆಕ್ಟರ್ ಬರ್ತಾರೆ, ಸ್ವಚ್ಛಂದ ಆಟ ನೋಡೋಕೆ. ಆರನೇ ಕ್ಲಾಸಿನವರು ಏನೇನು ಆಡ್ತಾರೆ ಅಂತ ನಿಮಿಷ ನಿಮಿಷಕ್ಕೂ ಬರೆದುಕೊಡಿ. ನಾಲ್ಕು ಪ್ರತಿ."

"ಅವರಿಗೆ ಇಷ್ಟ ಬಂದದ್ದು ಆಡ್ತಾರೆ ಮಿಸ್."

"ಅದನ್ನೇ ಬರೀರಿ. ಮೊದಲ ಐದು ನಿಮಿಷ ಏನು ಇಷ್ಟ ಬರುತ್ತೆ, ಆಮೇಲಿನ ಐದು ನಿಮಿಷ ಏನು ಇಷ್ಟ ಬರುತ್ತೆ." ಹೆಡ್‌ಮಿಸ್ ಕನ್ನಡಕ ತೆಗೆದರು. "ಇನ್‌ಸ್ಪೆಕ್ಟರ್ ಮೆಚ್ಚಿದ್ರೆ ಸರಿ. ಇಲ್ಲಾಂದ್ರೆ ನಿಮಗೆ ಎಂಟನೇ ಕ್ಲಾಸಿನ ಲೆಕ್ಕ ಕೊಡ್ತೀನಿ. ಲೆಕ್ಕದ ಮೇಷ್ಟ್ರು ಈ ತಿಂಗಳು ರಿಟೈರ್ ಆಗ್ತಿದಾರೆ."

ಲೆಕ್ಕದ ಪರೀಕ್ಷೆಗೆ ಮೂರು ಸಲ ಕೂತು, ನಾಲ್ಕನೆಯ ಸಲ ಯಾರದೋ ಪುಣ್ಯದಿಂದ ದಡ ಸೇರಿದವರು ಡ್ರಿಲ್ ಮೇಷ್ಟ್ರು. ಬಿಸಿಲು, ಧೂಳು, ವಿಸಿಲ್ಲುಗಳ ಸಹವಾಸವನ್ನು ಇಪ್ಪತ್ತು ವರ್ಷ ಮಾಡಿದ್ದೇ ಲೆಕ್ಕದ ಕಣ್ಣಿಗೆ ಬೀಳಬಾರದೆಂದು.

ಸ್ಟಾಫ್ ರೂಮಿನಲ್ಲಿ ಸಲಹೆಗೆ ಬರವೇ? "ಬಯಲಿಗೆ ಸುಣ್ಣದ ಗೆರೆ ಎಳೆದು ಚೌಕ ಮಾಡಿ. ಚೌಕಕ್ಕೆ ಮೂರು ಮಕ್ಕಳು. ಸ್ವಚ್ಛಂದವಾಗಿರಲಿ, ಗೆರೆ ಮಾತ್ರ ದಾಟಬಾರದು," ಎಂದರು ಲೆಕ್ಕದ ಮೇಷ್ಟ್ರು. "ಮಣ್ಣು ಮುಟ್ಟಬಾರದು, ಕ್ರಿಮಿ!" ಎಂದರು ವಿಜ್ಞಾನದ ಮಿಸ್. "ಸಹಜವಾಗಿ ನಗೋದನ್ನ ಒಂದ್ಸಲ ರಿಹರ್ಸಲ್ ಮಾಡಿಸಿಬಿಡಿ," ಎಂದರು ಡ್ರಾಯಿಂಗ್ ಮೇಷ್ಟ್ರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಡ್ರಿಲ್ ಮೇಷ್ಟ್ರು ಎಲ್ಲವನ್ನೂ ಬರೆದುಕೊಂಡರು, ನಾಲ್ಕು ಪ್ರತಿಗಳಲ್ಲಿ.

ಎರಡು ಗಂಟೆಗೆ ಆರನೇ ಕ್ಲಾಸು ಚೌಕಗಳಲ್ಲಿ ಗೂಟ ನೆಟ್ಟ ಹಾಗೆ ನಿಂತಿತ್ತು.

"ಹೂಂ, ಆಡಿ!"

"ಏನು ಆಡೋದು ಸಾರ್?"

"ನಿಮಗೆ ಇಷ್ಟ ಬಂದದ್ದು!"

"ಯಾವುದು ಇಷ್ಟ ಬರಬೇಕು ಸಾರ್?"

ಅದು ಯೋಜನೆಯ ಹಾಳೆಯಲ್ಲಿತ್ತು. ಹಾಳೆ ಬಯಲಿನ ಮೂಲೆಯ ಸಾಮಾನಿನ ಕೋಣೆಯಲ್ಲಿತ್ತು. ಮೇಷ್ಟ್ರು ಓಡಿಹೋಗಿ ಹಳೆಯ ಚೆಂಡುಗಳ ನಡುವೆ ತಡಕಾಡತೊಡಗಿದರು. ಎರಡು ಜಡೆಯ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. "ಸಾರ್, ಕಳ್ಳ ಪೊಲೀಸ್ ಆಡಬಹುದಾ?"

"ಏನಾದ್ರೂ ಆಡಿ, ನನ್ನ ತಲೆ ತಿನ್ನಬೇಡಿ!"

ಹನ್ನೊಂದು ಪುಟಗಳ ಸುತ್ತೋಲೆ ಹೇಳಹೊರಟಿದ್ದೂ ಅದನ್ನೇ. ಪೊಲೀಸರಿಗೆ ಜೈಲು ಬೇಕು. ಬಯಲಿನಲ್ಲಿ ಇದ್ದದ್ದು ಅದೊಂದೇ ಕೋಣೆ, ಒಳಗೆ ಒಬ್ಬ ಕಳ್ಳ ಆಗಲೇ ಸಿಕ್ಕಿಬಿದ್ದಿದ್ದ. ಹೊರಗಿನ ಚಿಲಕ ಬಿತ್ತು.

"ಬಾಗಿಲು ತೆಗೀರೇ!"

"ಎಲ್ಲ ಕಳ್ಳರೂ ಹಾಗೇ ಹೇಳೋದು ಸಾರ್," ಎಂದು ಪೊಲೀಸಮ್ಮ ಮುಂದಿನ ಕಳ್ಳನ ಬೆನ್ನು ಹತ್ತಿದಳು.

ಮೇಷ್ಟ್ರು ವಿಸಿಲ್ ಊದಿದರು. ಪೊಲೀಸರು ಇನ್ನೂ ಹುರುಪಿನಿಂದ ಓಡಿದರು. ಮೇಷ್ಟ್ರು ಕಿಟಕಿಯಿಂದ ನೋಡುತ್ತಿದ್ದಂತೆಯೇ ಸುಣ್ಣದ ಗೆರೆಗಳು ಅಳಿಸಿಹೋದವು. ಕ್ರಿಮಿಗಳ ಸಮೇತ ಮಣ್ಣು ಮೊಣಕಾಲಿಗೇರಿತು. ಒಂದು ಜಗಳ ಹುಟ್ಟಿ ತಾನಾಗಿಯೇ ತಣ್ಣಗಾಯಿತು. ಬಿದ್ದ ಮಗುವೊಂದು ಅಳಲು ಬಾಯಿ ತೆರೆದು, ನೋಡುವವರಿಲ್ಲವೆಂದು ಗೊತ್ತಾಗಿ, ಎದ್ದು ಓಡಿತು. ಮೇಷ್ಟ್ರಿಗೆ ಜೈಲಿನಲ್ಲೂ ಹೊಟ್ಟೆ ತುಂಬಿದಂತಾಯಿತು. ಮಕ್ಕಳು ಆಡುವುದನ್ನು ಅವರು ನೋಡಿದ್ದು ಇಪ್ಪತ್ತು ವರ್ಷಗಳಲ್ಲಿ ಇದೇ ಮೊದಲು. ಆಮೇಲೆ ಎಂಟನೇ ಕ್ಲಾಸಿನ ಲೆಕ್ಕ ನೆನಪಾಗಿ ಮತ್ತೆ ಬಾಗಿಲು ಬಡಿದರು.

ಇನ್‌ಸ್ಪೆಕ್ಟರ್ ಬಂದದ್ದು ಆಗ. ಹೆಡ್‌ಮಿಸ್ ಪಕ್ಕದಲ್ಲಿ ನಿಂತು ನೋಡಿದರು. "ಭೇಷ್! ಮೇಷ್ಟ್ರು ಎಲ್ಲಿ?"

ಹೆಡ್‌ಮಿಸ್ ಸುತ್ತಲೂ ನೋಡಿದರು. ಎರಡು ಜಡೆಯವಳು ಹೇಳಿದಳು, "ಜೈಲಲ್ಲಿದಾರೆ ಸಾರ್."

ಚಿಲಕ ತೆಗೆದಾಗ ಮೇಷ್ಟ್ರು ತಲೆಯ ಮೇಲೆ ಜೇಡರ ಬಲೆ ಹೊತ್ತು ಹೊರಬಂದರು. ಹನ್ನೊಂದು ವರ್ಷದ ಹುಡುಗಿ ನನ್ನನ್ನು ಕೂಡಿಹಾಕಿದಳು ಎಂದು ಹೇಳಲು ಯಾವ ಗಂಡಸಿಗೆ ಬಾಯಿ ಬರುತ್ತದೆ?

"ಇದು ನನ್ನ ಪದ್ಧತಿ ಸಾರ್. ದೊಡ್ಡವರು ಎದುರಿಗಿದ್ರೆ ಮಕ್ಕಳು ಆಡಲ್ಲ. ಅದಕ್ಕೇ ನಾನೇ ಹೇಳಿ ಚಿಲಕ ಹಾಕಿಸ್ಕೊಂಡೆ."

"ಅಂದ್ರೆ, ನೀವು ಏನೂ ಮಾಡಲಿಲ್ಲ?"

"ಒಂದು ಕಡ್ಡಿ ಅಲ್ಲಾಡಿಸಿಲ್ಲ ಸಾರ್!" ಮೇಷ್ಟ್ರಿಗೆ ಹುಮ್ಮಸ್ಸು ಬಂತು. "ನಿಜ ಹೇಳ್ಬೇಕಂದ್ರೆ, ನಾನು ಇಲ್ದಿದ್ರೇನೇ ಆಟ ಚೆನ್ನಾಗಿ ನಡೆಯೋದು."

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದನ್ನು ನೆನಪಿಸಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಇನ್‌ಸ್ಪೆಕ್ಟರ್ ಮೇಷ್ಟ್ರ ಕೈ ಕುಲುಕಿ, ಭೇಟಿಯ ಪುಸ್ತಕದಲ್ಲಿ ಬರೆದು ಹೊರಟರು. ಹೆಡ್‌ಮಿಸ್ ಗಟ್ಟಿಯಾಗಿ ಓದಿದರು:

"ಆಟ ಅತ್ಯುತ್ತಮ. ಅವಧಿಯನ್ನು ಒಂದು ಗಂಟೆಗೆ ಹೆಚ್ಚಿಸತಕ್ಕದ್ದು. ಇದಕ್ಕೆ ಶಿಕ್ಷಕರ ಅಗತ್ಯವಿಲ್ಲವೆಂದು ಡ್ರಿಲ್ ಶಿಕ್ಷಕರೇ ಪ್ರಯೋಗದಿಂದ ತೋರಿಸಿಕೊಟ್ಟಿರುವುದರಿಂದ, ಅವರನ್ನು ಇಂದಿನಿಂದಲೇ ಬೇರೆ ಪಾಠಕ್ಕೆ ಬಳಸಿಕೊಳ್ಳತಕ್ಕದ್ದು."

ಲೆಕ್ಕದ ಮೇಷ್ಟ್ರು ಜೇಬಿನಲ್ಲಿದ್ದ ಸೀಮೆಸುಣ್ಣವನ್ನು ಆ ಕ್ಷಣವೇ ದಾನ ಮಾಡಿದರು.

ಹತ್ತು ನಿಮಿಷದಲ್ಲಿ ಡ್ರಿಲ್ ಮೇಷ್ಟ್ರು ಎಂಟನೇ ಕ್ಲಾಸಿನ ಬೋರ್ಡಿನ ಮುಂದೆ ಬೆವರುತ್ತಿದ್ದರು. ಎರಡು ನಲ್ಲಿಗಳಿಂದ ತುಂಬುವ ತೊಟ್ಟಿಯೊಂದು ಅವರ ಉತ್ತರಕ್ಕಾಗಿ ಕಾಯುತ್ತಿತ್ತು. ಕಿಟಕಿಯಲ್ಲಿ ಎರಡು ಜಡೆ ಕಾಣಿಸಿದವು.

"ಸಾರ್, ಒಬ್ಬ ಕಳ್ಳ ಕಮ್ಮಿ ಬಿದ್ದಿದಾನೆ. ಬರ್ತೀರಾ?"

ಮೇಷ್ಟ್ರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು. ಬಾಗಿಲಲ್ಲಿ ಹೆಡ್‌ಮಿಸ್ ನಿಂತಿದ್ದರು.

"ಮೇಷ್ಟ್ರೇ, ನಾಳೆಯ ಲೆಕ್ಕದ ಪಾಠ ಬರೆದುಕೊಡಿ. ನಾಲ್ಕು ಪ್ರತಿ."