ಕೆಂಪು ಕಾರಿಗೆ ಒಂದು ಬಸಿ ಚಹಾ

ರಸ್ತೆ ಖುಲ್ಲಾ ಇಡುವುದೆಂದರೆ ಅದೇನು ಮಹಾ ಕೆಲಸ? ಆರನೇ ಇಯತ್ತೆಗೆ ಪಾಟಿ ಬಿಟ್ಟು ಟ್ರ್ಯಾಕ್ಟರಿನ ಸ್ಟೇರಿಂಗ್ ಹಿಡಿದವನು ನಾನು. ನಮ್ಮೂರು ದುಮ್ಮವಾಡದ ರಸ್ತೆಯ ಒಂದೊಂದು ತಗ್ಗೂ ನನ್ನ ಸೊಂಟಕ್ಕೆ ಗೊತ್ತು. ಕಾರು ರ್‍ಯಾಲಿಯ ಸಾಹೇಬರು ಬಂದು, "ನಿಮ್ಮೂರ ತಿರುವಿನಲ್ಲಿ ದನ, ಚಕ್ಕಡಿ ಅಡ್ಡ ಬರದಂತೆ ಯಾರು ನೋಡಿಕೊಳ್ತೀರಿ?" ಎಂದಾಗ ಇಡೀ ಊರು ನನ್ನ ಕಡೆ ನೋಡಿತು. ನಿಜ ಹೇಳಬೇಕೆಂದರೆ, ಊರು ನೋಡುವ ಮೊದಲೇ ನಾನು ಮುಂದೆ ಬಂದು ನಿಂತಿದ್ದೆ.

ಎಂಬತ್ತರ ದಶಕದ ಆ ವರ್ಷ ರ್‍ಯಾಲಿ ಚಾಂಪಿಯನ್‌ಶಿಪ್ಪಿನ ಹುಚ್ಚು ನಮಗೂ ಹತ್ತಿತ್ತು. ಕ್ಷೌರದಂಗಡಿಯ ಯಲ್ಲಪ್ಪ ಪೇಪರು ಓದಿ ಹೇಳುತ್ತಿದ್ದ, ನಾವು ಅರ್ಧ ಗಡ್ಡದಲ್ಲೇ ಕೂತು ಕೇಳುತ್ತಿದ್ದೆವು. ಬೆಂಗಳೂರಿನ ಕೆಂಪು ಕಾರಿನವನು ಒಂದು ರ್‍ಯಾಲಿ ಗೆದ್ದರೆ ಮುಂಬಯಿಯ ಬಿಳಿ ಕಾರಿನವನು ಮುಂದಿನದನ್ನು ಗೆಲ್ಲುತ್ತಿದ್ದ. ಹೀಗೆ ಸಮಸಮವಾಗಿ, ನಮ್ಮೂರ ಮೇಲೆ ಹಾಯುವ ಈ ಕೊನೆಯ ರ್‍ಯಾಲಿಗೆ ಬಂದರು. ಇದರಲ್ಲಿ ಮುಂದಾದವನೇ ವರ್ಷದ ಚಾಂಪಿಯನ್. ಕೆಂಪು ಕಾರಿನವನು ನಮ್ಮ ನಾಡಿನವನು. ಅವನಿಗಾಗಿ ನಾನು ಹನುಮಪ್ಪನಿಗೆ ಕಾಯಿ ಹರಕೆ ಹೊತ್ತಿದ್ದೆ.

ಸಾಹೇಬರು ನನಗೊಂದು ಟೊಪ್ಪಿಗೆ, ಒಂದು ಕೆಂಪು ನಿಶಾನೆ ಕೊಟ್ಟರು. "ಮುಂದೆ ಅಪಾಯ ಇದ್ದರೆ ಮಾತ್ರ ಬೀಸಿ. ಕಾರುಗಳನ್ನ ಒಂದೊಂದಾಗಿ ಬಿಡ್ತೀವಿ. ಕಡಿಮೆ ಹೊತ್ತಿನಲ್ಲಿ ಮುಟ್ಟಿದವರು ಗೆದ್ದಂತೆ."

"ತಿಳೀತ್ರಿ," ಎಂದೆ. ತಿಳಿದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹಿಂದಿನ ಸಂಜೆ ಯಲ್ಲಪ್ಪ ತಕರಾರು ತೆಗೆದ. "ಬಸಣ್ಣ, ನಮ್ಮ ಮನಷ್ಯಾ ಊರ ಮುಂದ ಹಾದು ಹೋಗೂದು, ನಾವು ಒಂದು ಹಾರಾನೂ ಹಾಕದ ಕಳಸೂದು? ಮಂದಿ ಏನಂದಾರು?"

ಖರೆ ಅನಿಸಿತು. ನನ್ನ ಹೆಂಡತಿ ಗಂಗವ್ವ, "ಹಂಗಾರ ಚಾನೂ ಮಾಡ್ತೀನಿ. ಬಿಳಿ ಕಾರಿನಾವ್ರಿಗೂ ಕೊಡೂಣ್ರಿ. ಅವ್ರೂ ಮನಷ್ಯಾರ ಅಲ್ಲೇನು?" ಎಂದಳು.

"ವೈರಿಗೆ ಚಾ ಕೊಡಾಕ ನನಗೇನ ಹುಚ್ಚ ಹಿಡದೈತೇನ?"

ಮರುದಿನ ದನ ಕಟ್ಟಿಸಿದೆ, ಚಕ್ಕಡಿ ಹೊರಳಿಸಿದೆ, ನಾಯಿ ಅಟ್ಟಿದೆ. ಕೂಗಿ ಕೂಗಿ ಗಂಟಲು ಬಿತ್ತು. ಬಿಳಿ ಕಾರು ಧೂಳೆಬ್ಬಿಸುತ್ತ ಬಂತು. ನಾನು ಮುಖ ತಿರುಗಿಸಿ ನಿಂತೆ. ಅದೂ ನನ್ನ ಮುಖ ನೋಡಲು ನಿಲ್ಲಲಿಲ್ಲ. ಹೋಗಿಯೇ ಬಿಟ್ಟಿತು.

ಆಮೇಲೆ ಕೆಂಪು ಕಾರು ಕಂಡಿತು. ನಿಲ್ಲಿಸುವುದು ಹೇಗೆ? ಕೈಯಲ್ಲಿ ನಿಶಾನೆ ಇತ್ತಲ್ಲ, ಬೀಸಿದೆ. ಕಾರು ಕಿರುಚಿಕೊಂಡು ಅಡ್ಡ ತಿರುಗಿ ನಿಂತಿತು.

"ಏನಾಯ್ತು? ಯಾರಿಗಾದ್ರೂ ಪೆಟ್ಟಾಯ್ತಾ?" ಚಾಲಕನ ಮುಖ ಬಿಳಿಚಿತ್ತು.

"ಏನೂ ಇಲ್ರಿ. ಎಲ್ಲಾ ಆರಾಮ. ಬರ್ರಿ, ಚಾ ತಗೋರಿ."

ಅಷ್ಟರಲ್ಲಿ ಊರೇ ಕಾರಿನ ಸುತ್ತ ನೆರೆದಿತ್ತು. ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟರು. ಯಲ್ಲಪ್ಪ ಹಾಕಿದ ಹಾರದ ಅರ್ಧ ಮುಂದಿನ ಗಾಜಿನ ಮೇಲೆ ಬಿತ್ತು. ಕಾಯಿಯಂತೂ ಏನು ಮಾಡಿದರೂ ಒಡೆಯಲೊಲ್ಲದು.

"ಬಿಡ್ರಿ ಸ್ವಾಮಿ, ಟೈಮ್ ಹೋಗ್ತಿದೆ!" ಚಾಲಕ ಕೂಗಿದ.

"ಟೈಮ್ ಎಲ್ಲಿ ಹೋಗ್ತದ್ರಿ, ಇಲ್ಲೇ ಇರ್ತದ," ಎಂದು ನಾನೇ ಸಮಾಧಾನ ಹೇಳಿದೆ. ಪಕ್ಕದಲ್ಲಿ ಕೂತವನು ಕೈಗಡಿಯಾರ ನೋಡಿ ತಲೆಯ ಮೇಲೆ ಕೈ ಹೊತ್ತ. ಕುಡಿಯದೆ ದಾರಿ ಸಿಗುವುದಿಲ್ಲವೆಂದು ಖಾತ್ರಿಯಾಗಿ ಚಾಲಕ ಲೋಟಕ್ಕೆ ಕೈ ಚಾಚಿದ.

"ಬಾಳ ಸುಡ್ತೈತ್ರಿ, ನಾಲಿಗಿ ಸುಟ್ಟೀತು," ಎಂದು ಗಂಗವ್ವ ಅದನ್ನು ಬಸಿಗೆ ಸುರಿದು, ಊದಿ, ಆರಿಸಿ ಕೊಟ್ಟಳು. ಅವನು ಕುಡಿದ. ಕಾಯಿಯೂ ಒಡೆಯಿತು. ಕಾರು ಹೋಯಿತು. ಊರು ಚಪ್ಪಾಳೆ ತಟ್ಟಿತು.

ಸಂಜೆ ಸಾಹೇಬರ ಜೀಪು ಬಂತು. ಟೊಪ್ಪಿಗೆ, ನಿಶಾನೆ ಎರಡನ್ನೂ ಕಸಿದುಕೊಂಡು, "ಬಿಳಿ ಕಾರು ಗೆದ್ದಿತು. ಕೆಂಪು ಕಾರು ಸೋತದ್ದು ಇದೇ ತಿರುವಿನಲ್ಲಿ," ಎಂದಷ್ಟೇ ಹೇಳಿ ಹೋದರು.

ಜೀಪಿನ ಹಿಂದೆಯೇ ಬಿಳಿ ಕಾರೂ ಬಂದು ನಿಂತಿತು. ಮುಂಬಯಿಯವನು ಇಳಿದು, ನನ್ನ ಎರಡೂ ಕೈ ಹಿಡಿದು ಕುಲುಕಿ, ಧಾರವಾಡ ಪೇಡೆಯ ಡಬ್ಬಿ ಕೊಟ್ಟು ಹೋದ.

ಗಂಗವ್ವ ಡಬ್ಬಿ ಬಿಚ್ಚುತ್ತ ಅಂದಳು: "ನಾ ಹೇಳಿದ್ದೆ. ಆ ವೈರಿಗೂ ಒಂದು ಬಸಿ ಚಾ ಕೊಟ್ಟಿದ್ರ ಸಮ ಆಗ್ತಿತ್ತಲ್ರಿ?"

ನನ್ನ ಬಾಯಲ್ಲಿ ಆಗಲೇ ಪೇಡೆ ಇತ್ತು.