ಗಂಗಮ್ಮನವರು ಕಂಡುಹಿಡಿದ ಪಂಪು

ನನ್ನ ಕಾರಿನ ಬಾನೆಟ್ ನಾನು ಎತ್ತುವುದು ವೈಪರಿಗೆ ನೀರು ಹಾಕಲು ಮಾತ್ರ. ಒಳಗಿನ ಉಳಿದದ್ದೆಲ್ಲ ಪಕ್ಕದವರ ಅಡುಗೆಮನೆ ಇದ್ದಂತೆ, ಇಣುಕುವುದು ಸಭ್ಯತೆಯಲ್ಲ ಎಂದು ನಂಬಿದ್ದೆ. ಹಾಗಾಗಿ ಅರಸೀಕೆರೆಯ ನಮ್ಮ ಮನೆ ಮುಂದೆ ಒಂದು ವಾರ ಕಾರಿನ ಕೆಳಗೆ ನೀರು ನಿಂತಿದ್ದನ್ನು ಕಂಡರೂ ಏಸಿ ನೀರು ಎಂದು ಸುಮ್ಮನಿದ್ದೆ. “ಏಸಿ ನೀರು ಹಸಿರಾಗಿರುತ್ತೇನ್ರೀ?” ಎಂದು ಹೆಂಡತಿ ಸುಮ ಕೇಳಿದಳು. ನೆರಳಿಗೆ ಹಾಗೆ ಕಾಣುತ್ತೆ ಎಂದೆ. ಇಂಜಿನ್ನಿನಿಂದ ಕಿರುಗುಟ್ಟುವ ಸದ್ದು ಶುರುವಾದಾಗ ಹಾಡು ಜೋರು ಮಾಡಿದೆ.

ಬೇಲೂರಿನಲ್ಲಿ ನಾದಿನಿಯ ಮಗುವಿನ ನಾಮಕರಣ. ತೊಟ್ಟಿಲಿಗೆ ಹಾಕಬೇಕಾದ ದೊಡ್ಡಮ್ಮನೇ ಸುಮ. ಜಾವಗಲ್ ದಾಟುತ್ತಿದ್ದಂತೆ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನಿಂದ ಹಬೆ ಎದ್ದಿತು. ಇಳಿದು ಬಾನೆಟ್ ಎತ್ತಿ, ಟವೆಲ್ ಸುತ್ತಿದ ಕೈಯನ್ನು ರೇಡಿಯೇಟರ್ ಮುಚ್ಚಳದ ಮೇಲಿಟ್ಟೆ.

“ಮುಟ್ಬ್ಯಾಡಿ ಸ್ವಾಮಿ! ಮುಖ ಬೆಂದೋಯ್ತದೆ!”

ರಸ್ತೆ ಪಕ್ಕದ ತೆಂಗಿನ ತೋಟದಿಂದ ಓಡಿಬಂದವರು ಅರವತ್ತು ದಾಟಿದ ಗಂಗಮ್ಮ. ಮೂವತ್ತು ವರ್ಷ ಡೀಸೆಲ್ ಪಂಪಿನಿಂದ ತೋಟಕ್ಕೆ ನೀರು ಹಾಯಿಸಿದ ಕೈ ಅದು. ಇಂಜಿನ್ ಆರುವವರೆಗೂ ನಮ್ಮನ್ನು ನೆರಳಲ್ಲಿ ಕೂರಿಸಿ ಎಳನೀರು ಕೊಟ್ಟರು. ಆಮೇಲೆ ಸೆರಗು ಸಿಕ್ಕಿಸಿ ಬಗ್ಗಿ, ಬೆಲ್ಟು ಸುತ್ತಿದ್ದ ಒಂದು ಚಕ್ರವನ್ನು ಹಿಡಿದು ಅಲ್ಲಾಡಿಸಿದರು.

“ನೋಡಿ, ಲೊಡಲೊಡ ಅಂತೈತೆ. ನೀರಿನ ಪಂಪಿನ ಬೇರಿಂಗ್ ಹೋಗೈತೆ. ಅದ್ಕೇ ಇಂಜಿನ್ ತಣ್ಣಗಿಡೋ ಈ ಹಸ್ರು ನೀರು ಸೋರೈತೆ. ಕಿರ್ ಅಂತಿರ್ಲಿಲ್ವಾ?”

“ಹಾಡು ಹಾಕ್ತಿದ್ರು,” ಎಂದಳು ಸುಮ.

ನೀರು ತುಂಬಿಸಿಕೊಂಡು ಹಳೇಬೀಡಿನವರೆಗೆ ಮೆಲ್ಲಗೆ ಹೋಗುತ್ತೇನೆ ಎಂದೆ.

“ನೀರು ಹುಯ್ದ್ರೆ ಸಾಕಾ? ಅದ್ನ ಇಂಜಿನ್ ಸುತ್ತ ತಿರುಗ್ಸೋದೇ ಪಂಪು. ಹಂಗೇ ಓಡ್ಸಿದ್ರೆ ಇಂಜಿನ್ ಮೇಲಿನ ಹೆಡ್ಡು ಕಾದು ಸೊಟ್ಟಗಾಯ್ತದೆ. ಈಗ ಪಂಪೊಂದೇ ಹೋಗೈತೆ, ಆಮೇಲೆ ಇಂಜಿನ್ನೇ ಇರಾಕಿಲ್ಲ.”

ಅವರೇ ಫೋನ್ ಮಾಡಿ ಜಾವಗಲ್ಲಿನಿಂದ ಮೆಕ್ಯಾನಿಕ್ ಕರೆಸಿದರು. ಅವನು ಚಕ್ರ ಮುಟ್ಟಿ ನೋಡಿ, “ಅವ್ವ ಹೇಳಿದ್ದೇ ಸರಿ ಸಾರ್. ಇಲ್ಲೇ ನಿಲ್ಸಿದ್ದಕ್ಕೆ ಇಂಜಿನ್ ಉಳೀತು,” ಎಂದು ಕಾರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಹೋದ. ನನಗೆ ಆ ತಾಯಿಯ ಕಾಲಿಗೆ ಬೀಳಬೇಕೆನಿಸಿತು. ಕಣ್ಣು, ಕಿವಿ, ಕೈ ಮೂರೇ ಇಟ್ಟುಕೊಂಡು ಅವರು ಕಂಡದ್ದು, ಇಡೀ ವಾರ ಅದರ ಮೇಲೇ ಕೂತಿದ್ದ ನನಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಬೇಲೂರಿನ ಬಸ್ಸು ಬಂತು. ಗಂಗಮ್ಮ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಹತ್ತುವಾಗ ಕೇಳಿದರು: “ಏನ್ ಕೆಲ್ಸ ನಿಮ್ದು?”

“ಕಾಲೇಜ್ ಮೇಷ್ಟ್ರು.”

“ಯಾವ್ ಪಾಠ?”

ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಶಾಖದ ಅಧ್ಯಾಯ ನನಗೆ ಬಾಯಿಪಾಠ.

“ಇತಿಹಾಸ,” ಎಂದೆ.

ಸುಮ ಹಳೇಬೀಡು ಬರುವವರೆಗೂ ಕಿಟಕಿಯಾಚೆ ಮುಖ ಮಾಡಿ ನಗುತ್ತಲೇ ಇದ್ದಳು.