ಮೊಣಕಾಲಿನ ರೊಕ್ಕಕ್ಕೆ ಬಿದ್ದ ಬೀಗ

ಜೀವನವಿಡೀ ಮಕ್ಕಳಿಗೆ ನಿಯಮ ಕಲಿಸಿದವನು ಮುಪ್ಪಿನಲ್ಲಿ ಒಂದೇ ಒಂದು ನಿಯಮದ ಕೈಗೆ ಸಿಕ್ಕು ಒದ್ದಾಡಿದ ಕಥೆಯನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ? ಮನೆಯಲ್ಲಿ ಹೇಳುವಂತಿಲ್ಲ. ಅಲ್ಲಿ ಅದು ಎಲ್ಲರಿಗೂ ಗೊತ್ತಿದೆ.

ನಾನು ಪುಣೆಯ ಕನ್ನಡ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸಿ ನಿವೃತ್ತನಾದವನು. ನಮ್ಮ ಮನೆ ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿದೆ. ನನ್ನ ಹೆಂಡತಿ ಇಂದೂ ಮೆಟ್ಟಿಲಿಗೊಬ್ಬ ದೇವರನ್ನು ಕರೆಯುತ್ತ ಹತ್ತುತ್ತಾಳೆ. ದೇವರುಗಳೆಲ್ಲ ಮುಗಿದ ಮೇಲೆ "ಏನ್ರೀ" ಎಂದು ನನ್ನನ್ನು ಕರೆಯುತ್ತಾಳೆ. (ಧಾರವಾಡದ ಕಡೆಯ ಹಳೆಯ ಕಾಲದ ಹೆಣ್ಣುಮಗಳು. ಮದುವೆಯಾದಾಗಿನಿಂದ ನಾನು ಬರೀ "ಏನ್ರೀ".) ಎರಡೂ ಮೊಣಕಾಲು ಬದಲಿಸಬೇಕೆಂದು ಡಾಕ್ಟರರು ಹೇಳಿದ್ದಾರೆ. ಅದಕ್ಕೆಂದು ಕೂಡಿಟ್ಟ ಹಣಕ್ಕೆ ನಮ್ಮ ಮನೆಯಲ್ಲಿ "ಮೊಣಕಾಲಿನ ರೊಕ್ಕ" ಎಂದು ಹೆಸರು.

ಆ ಹಣವನ್ನು ಬ್ಯಾಂಕಿನಲ್ಲಿಡಿ ಎಂದು ನನ್ನ ಹಳೆಯ ವಿದ್ಯಾರ್ಥಿ ರಾಜೀವ ಹೇಳಿದ್ದ. ಶಿವಾಜಿನಗರದಲ್ಲಿ ಆಫೀಸು ಇಟ್ಟು ಜನರ ಹಣ ನೋಡಿಕೊಳ್ಳುವವನು ಅವನು. ನಾನು ಕೇಳದೆ ಶೇರುಗಳ ಮ್ಯೂಚುವಲ್ ಫಂಡಿನಲ್ಲಿ ಹಾಕಿದೆ. ರಾಜೀವ ತಲೆ ಕೆರೆದುಕೊಂಡು, ಹಾಗಾದರೆ ಒಂದು ನಿಯಮವನ್ನಾದರೂ ಪಾಲಿಸಿ ಎಂದ. ತಿಂಗಳ ಕೊನೆಯ ದಿನ ಮಾತ್ರ ಬೆಲೆ ನೋಡಬೇಕು. ಅದು ಕಳೆದ ಹತ್ತು ತಿಂಗಳ ಸರಾಸರಿಗಿಂತ ಮೇಲಿದ್ದರೆ ಸುಮ್ಮನಿರಬೇಕು. ಕೆಳಗಿದ್ದರೆ ಮಾರಿ, ಹಣವನ್ನು ಏರಿಳಿತವಿಲ್ಲದ ಕಡೆ ಇಡಬೇಕು. ಮತ್ತೆ ಮೇಲೇರಿದರೆ ಮರಳಬೇಕು. ನಡುವೆ ಇಣುಕಬಾರದು.

"ಸರ್, ಮುಂದ ಏನಾಗ್ತದ ಅಂತ ಈ ನಿಯಮ ಹೇಳೂದಿಲ್ಲ," ಎಂದ ರಾಜೀವ. "ಗಾಳಿ ಯಾವ ಕಡೆ ಅದ, ಅಷ್ಟ ನೋಡ್ತದ. ಒಮ್ಮೊಮ್ಮೆ ನೀವು ಮಾರಿದ ಮರುದಿನಾನ ಬೆಲಿ ಏರ್ತದ. ಹೊಟ್ಟಿ ಉರೀತದ. ಉರೀಲಿ ಬಿಡ್ರಿ. ದೊಡ್ಡ ಪೆಟ್ಟು ತಪ್ತದಲ್ಲ."

ನನಗೆ ರೋಮಾಂಚನವಾಯಿತು. ವ್ಯಾಕರಣದ ಯಾವ ಸೂತ್ರಕ್ಕೆ ಅಪವಾದವಿಲ್ಲ ಹೇಳಿ? ಇಲ್ಲೊಂದು ಅಪವಾದವೇ ಇಲ್ಲದ ಸೂತ್ರ! ಆ ಸಂಜೆಯೇ ಇಂದೂಳನ್ನು ಕೂರಿಸಿ, ಮೊಬೈಲಿನಲ್ಲಿದ್ದ ಖಾತೆಗೆ ಹೊಸ ಪಾಸ್‌ವರ್ಡ್ ಹಾಕಲು ಹೇಳಿ, ಅವಳನ್ನು ಕೋಶಾಗಾರದ ಮಹಾರಕ್ಷಕಿಯಾಗಿ ನೇಮಿಸಿದೆ. ನಾನೇ ಬಂದು ಕಾಲಿಗೆ ಬಿದ್ದರೂ ಕೊಡಕೂಡದು ಎಂದೆ.

"ಕಾಲಿಗೆ ಮಾತ್ರ ಬೀಳಬ್ಯಾಡ್ರಿ," ಎಂದಳು. "ಮೊದಲ ನೋಯ್ಲಿಕ್ಹತ್ಯಾವ."

ಕೆಲವು ತಿಂಗಳು ರಾಮರಾಜ್ಯ. ಬಳಿಕ ಒಂದು ತಿಂಗಳ ಕೊನೆಗೆ ಫಂಡು ಸರಾಸರಿಯ ಕೆಳಗಿಳಿಯಿತು. ಇಂದೂ ಕನ್ನಡಕ ಏರಿಸಿಕೊಂಡು ಮಾರಲು ಕೂತಳು. ಟಿವಿಯಲ್ಲಿ ಕೋಟು ತೊಟ್ಟ ಗೃಹಸ್ಥನೊಬ್ಬ ನಾಳೆ ಏರುತ್ತದೆ ಎಂದಿದ್ದ. ಒಂದು ವಾರ ತಡೆಯೋಣ ಎಂದು ಅಂಗಲಾಚಿದೆ. ಶುಕ್ರವಾರ ಹಾಲು ಮೊಸರು ಹೊರಗೆ ಕೊಡಬಾರದೆಂದರೆ ಒಂದು ಶುಕ್ರವಾರವೂ ಕೊಡದವಳು ಅವಳು. ಕೋಟಿನವನಿಗೆ ಸೊಪ್ಪು ಹಾಕುವಳೇ? ಮಾರಿಯೇ ಬಿಟ್ಟಳು.

ಮರುದಿನ ಬೆಲೆ ಏರಿತು. ಅದರ ಮರುದಿನವೂ ಏರಿತು. ಊಟಕ್ಕೆ ಕೂತಾಗ ನಾನು ಸಾರಿಗೆ ಉಪ್ಪು ಕೇಳುವಷ್ಟೇ ಸಹಜವಾಗಿ ಆ ವಿಷಯ ತೆಗೆಯುತ್ತಿದ್ದೆ. ಮತ್ತೆ ಕೊಳ್ಳೋಣ ಎಂದರೆ, ತಿಂಗಳ ಕೊನೆಗೆ ನೋಡೋಣ ಎನ್ನುತ್ತಿದ್ದಳು.

"ಇದು ನನ್ನ ನಿಯಮ, ಇಂದೂ."

"ಹೌದ್ರಿ. ಅದಕ್ಕ ನಾ ಅದನ್ನ ನಿಮ್ಮಿಂದ ಕಾಯ್ಲಿಕ್ಹತ್ತೀನಿ."

ಒಂದು ಶುಕ್ರವಾರ ಅವಳು ಪಕ್ಕದ ಮನೆಗೆ ಅರಿಸಿನ ಕುಂಕುಮಕ್ಕೆ ಹೋದಳು. ಮೊಬೈಲು ಮೇಜಿನ ಮೇಲಿತ್ತು. ನಲವತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಹೆಂಡತಿಯ ಪಾಸ್‌ವರ್ಡ್ ಊಹಿಸುವುದೇನು ಮಹಾ! ಅವಳ ಮನೆದೇವರ ಹೆಸರು ಹಾಕಿದೆ. ತಪ್ಪು. ತವರೂರನ್ನು ಹಾಕಿದೆ. ತಪ್ಪು. ಅವಳ ತಾಯಿಗೆ ಮನಸ್ಸಿನಲ್ಲೇ ನಮಸ್ಕರಿಸಿ ಅವರ ಹೆಸರನ್ನೂ ಹಾಕಿದೆ. (ಅತ್ತೆಯವರು ಇದ್ದಾಗಲೂ ನನಗೆ ಬಾಗಿಲು ತೆರೆದವರಲ್ಲ.) ಮೂರನೆಯದೂ ತಪ್ಪಾಗಿ ಖಾತೆಗೆ ಬೀಗ ಬಿತ್ತು.

ಬೀಗ ತೆಗೆಸಲು ಸೋಮವಾರ ಇಬ್ಬರೂ ರಿಕ್ಷಾ ಹಿಡಿದು ಶಿವಾಜಿನಗರಕ್ಕೆ ಹೋದೆವು. ದಾರಿಯುದ್ದಕ್ಕೂ ಇಂದೂ ನನ್ನತ್ತ ಬೆನ್ನು ತಿರುಗಿಸಿ ರಸ್ತೆ ನೋಡುತ್ತ ಕೂತಳು. ಬೈದಿದ್ದರೆ ಹಗುರವಾಗುತ್ತಿತ್ತು. ಆಫೀಸಿನೊಳಗೆ ಸೂತಕದ ಮನೆಯ ವಾತಾವರಣ. ಬೆಳಗಿನಿಂದ ಮಾರುಕಟ್ಟೆ ಬಾವಿಗೆ ಬಿದ್ದ ಕೊಡದಂತೆ ಇಳಿದಿತ್ತು. ಶುಕ್ರವಾರ ನಾನು ಕೊಳ್ಳಹೊರಟಿದ್ದ ಫಂಡೂ ಅದರೊಂದಿಗೇ ಮುಳುಗಿತ್ತು.

"ಅತ್ತೆಯವರು ಕಾಪಾಡಿದರು," ಎಂದು ನನ್ನ ಬಾಯಿಂದ ಹೊರಟೇ ಹೋಯಿತು.

ರಾಜೀವ ನಕ್ಕ. "ಇವತ್ತು ಏರಲೂಬಹುದಿತ್ರಿ ಸರ್. ನಿಯಮ ಏನು ಜ್ಯೋತಿಷ್ಯ ಅಲ್ಲ. ಇಂದೂಬಾಯಿಯವರ ಮೊಣಕಾಲು ನಿಮ್ಮ ಹೊಟ್ಟಿಉರಿ ಮ್ಯಾಲ ನಿಲ್ಲಬಾರದು, ಅಷ್ಟ."

ಅವನ ಸಹಾಯಕಿ ಹರ್ಷದಾ, ಅಷ್ಟಿಷ್ಟು ಕನ್ನಡ ಬಲ್ಲ ಮರಾಠಿ ಹುಡುಗಿ, ಕಂಪ್ಯೂಟರಿನ ಮುಂದೆ ಕೂತು ಹಳೆಯ ಪಾಸ್‌ವರ್ಡ್ ಕೇಳಿದಳು. ಅವಸರದಲ್ಲಿ ಇಂದೂಳ ಕನ್ನಡಕ ಮನೆಯಲ್ಲೇ ಉಳಿದಿತ್ತು, ತಾನೇ ಒತ್ತುವಂತಿರಲಿಲ್ಲ. ಬಾಯಲ್ಲಿ ಹೇಳು ಎಂದೆ. ತಲೆ ತಗ್ಗಿಸಿದಳು. ಇನ್ನೂ ಸಿಟ್ಟೇ ಎಂದು ಕೇಳಿದೆ. ಸೆರಗನ್ನು ಬೆರಳಿಗೆ ಸುತ್ತತೊಡಗಿದಳು.

"ಅದನ್ನ ಬಾಯಿಲೆ ಹೇಳ್ಲಿಕ್ಕೆ ಬರೂದಿಲ್ರೀ."

ನನಗೆ ತಿಳಿಯಲಿಲ್ಲ. ಹರ್ಷದಾಳಿಗೆ ತಟ್ಟನೆ ತಿಳಿಯಿತು. ಅವಳು ಎರಡೂ ಕೈ ಜೋಡಿಸಿ ನಗುತ್ತ, "ಕಾಕೂ, ಉಖಾಣಾ ಘ್ಯಾ ನಾ," ಎಂದಳು, ಚಿಕ್ಕಮ್ಮ, ಉಖಾಣಾ ಹೇಳಿ ಎಂದು. ಉಖಾಣಾ ಎಂದರೆ ನಮ್ಮ ಒಡಪು. ಗಂಡನ ಹೆಸರನ್ನು ನೇರವಾಗಿ ಹೇಳದ ಹೆಂಗಸರು ಅದನ್ನು ಹಾಡಿನ ಸಾಲಿನಲ್ಲಿ ಮುಚ್ಚಿ ಹೇಳುವ ಪದ್ಧತಿ. ನಲವತ್ತು ವರ್ಷದ ಗಂಡನಿಗೆ ಹೊಳೆಯದ್ದು ನಲವತ್ತು ಕ್ಷಣದ ಪರಿಚಯದ ಹುಡುಗಿಗೆ ಹೊಳೆದಿತ್ತು. ಆಫೀಸಿನಲ್ಲಿ ನಷ್ಟ ಎಣಿಸುತ್ತಿದ್ದವರೂ ಕಿವಿಗೊಟ್ಟರು. ಇಂದೂ ಗೋಡೆಯತ್ತ ಮುಖ ಮಾಡಿ ಒಂದೇ ಉಸಿರಿನಲ್ಲಿ ಹೇಳಿದಳು:

"ಏರಿದ್ದಕ್ಕ ಹಿಗ್ಗಲಿಲ್ಲ, ಇಳಿದದ್ದಕ್ಕ ಕುಗ್ಗಲಿಲ್ಲ;
ಬಿಂದುಮಾಧವರಾಯರ ಹೆಸರಿಟ್ಟು ಕಾದ ರೊಕ್ಕ ಎಲ್ಲೂ ಹೋಗಲಿಲ್ಲ."

ಬಿಂದುಮಾಧವರಾಯ ಎಂದರೆ ನಾನೇ. ದೇವರು, ತವರು, ತಾಯಿ ಎಲ್ಲರನ್ನೂ ತಡಕಾಡಿದವನಿಗೆ ಸ್ವಂತ ಹೆಸರು ನೆನಪಾಗಿರಲಿಲ್ಲ. ಕಣ್ಣಿಗೆ ಏನೋ ಬಿದ್ದಂತೆ ಕನ್ನಡಕ ಒರೆಸಿಕೊಂಡೆ.

ಇಷ್ಟು ಜನ ಕೇಳಿದ ಮೇಲೆ ಆ ಪಾಸ್‌ವರ್ಡ್ ಉಳಿಯುವುದುಂಟೇ? ಮನೆಗೆ ಬಂದು ಕನ್ನಡಕ ಹಾಕಿಕೊಂಡವಳೇ ಹೊಸದನ್ನು ಹಾಕಿದಳು. ಸುಳಿವಾದರೂ ಕೊಡು ಎಂದು ದುಂಬಾಲು ಬಿದ್ದೆ.

"ಹೋದ ಸಲದ್ದು ನಾ ಬಾಯಾಗ ತಗೊಳ್ಳದ ಶಬ್ದ," ಎಂದಳು. "ಈ ಸಲದ್ದು ನೀವು ಬಾಯಾಗ ತಗೊಳ್ಳದ ಶಬ್ದ."

ಬಹಳ ಯೋಚಿಸಿದ್ದೇನೆ. ಅದು "ತಪ್ಪಾಯಿತು" ಎಂದೇ ನನ್ನ ಬಲವಾದ ಸಂಶಯ. ಮೊಬೈಲು ಮೇಜಿನ ಮೇಲೆಯೇ ಇರುತ್ತದೆ, ಒಮ್ಮೊಮ್ಮೆ ಮನೆಯಲ್ಲಿ ನಾನೊಬ್ಬನೇ ಇರುತ್ತೇನೆ. ಆದರೂ ಒತ್ತಿ ನೋಡುವ ಧೈರ್ಯವಾಗಿಲ್ಲ. ಒತ್ತಿದರೆ ಆ ಮಾತು ನಾನೇ ಆಡಿದಂತೆ; ಬೀಗ ತೆರೆದರೆ ಏನು ಗತಿ?